ಬಾಡಿಗೆಗೆ ದುಡಿದ ಗಾಡಿ ಮನೆಯ ಗಾಡಿಯಾಗುವ ಮುನ್ನ

ಉಳವಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಪರಿಪಾಠವು ಧಾರವಾಡ, ಬೆಳಗಾವಿ ಸೀಮೆಯ ಮನೆತನಗಳಲ್ಲಿ ಇಂದಿಗೂ ನಿಂತುಹೋಗಿಲ್ಲ. ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸುತ್ತಿದ್ದಂತೆಯೇ ಎತ್ತುಗಳನ್ನು ಸಿಂಗರಿಸಿ, ಚಕ್ಕಡಿಗೆ ಕಮಾನು ಕಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯೊಡನೆ ಮನೆಮಂದಿಯೆಲ್ಲ ಹೊರಡುತ್ತಾರೆ. ಹೊತ್ತು ಮುಳುಗಿದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಉಂಡು, ಚಕ್ಕಡಿಯಲ್ಲಿಯೇ ಮಲಗುತ್ತಾರೆ. ಪಯಣಿಸುವ ಬಂಡಿಯೇ ರಾತ್ರಿಯ ಮನೆಯೂ ಆಗುವ ಈ ವ್ಯವಸ್ಥೆಯನ್ನು ಪಾಶ್ಚಾತ್ಯರು ಮೋಟಾರು ವಾಹನಕ್ಕೆ ಅಳವಡಿಸಿ ‘ಕ್ಯಾಂಪರ್ ವ್ಯಾನ್’ ಎಂದು ಕರೆದರು. ಹೆಸರು ಹೊಸದಾದರೂ ಅದರ ಹಿಂದಿನ ಕಲ್ಪನೆ ನಮಗೆ ಹೊಸದಲ್ಲ.

ಸಿದ್ಧಪಡಿಸಿದ ಹೊಸ ಕ್ಯಾಂಪರ್ ವ್ಯಾನಿನ ಬೆಲೆಯು ಸಾಮಾನ್ಯ ಗೃಹಸ್ಥರ ಕೈಗೆ ಎಟುಕುವಂತಹುದಲ್ಲ. ಆದುದರಿಂದ ಪ್ರವಾಸಿ ಬಾಡಿಗೆಗೆ ಓಡಿ, ಈಗ ಮಾರಾಟಕ್ಕೆ ಬಂದಿರುವ ಟೆಂಪೋ ಟ್ರಾವೆಲರ್‌ನಂತಹ ವಾಹನಗಳತ್ತ ಅನೇಕ ಕುಟುಂಬಗಳ ದೃಷ್ಟಿ ಹೊರಳುತ್ತದೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆ ಖರೀದಿಯಲ್ಲಿ ನಾವು ಎಡವಲಿದ್ದುದನ್ನೂ, ಎಡವಿದುದನ್ನೂ, ಕಲಿತುದನ್ನೂ ವಾಚಕ ಮಹಾಶಯರ ಮುಂದಿಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ಮೂಲ ಕಾರಣ ನಮ್ಮ ಅಕ್ಕನವರು. ಎಪ್ಪತ್ತಾರರ ಪ್ರಾಯ; ಮೊಣಕಾಲಿನ ಬೇನೆಯಿಂದ ಬಸ್ಸಿನ ಮೆಟ್ಟಿಲನ್ನಾಗಲಿ ವಸತಿಗೃಹದ ಮಹಡಿಯನ್ನಾಗಲಿ ಏರಲಾರರು. 2024ರ ದೀಪಾವಳಿಯ ಪಾಡ್ಯದಂದು ಊಟಕ್ಕೆ ಕುಳಿತಾಗ ಅವರು, “ತಮ್ಮಾ, ಸಣ್ಣಾಕಿ ಇದ್ದಾಗ ಅಪ್ಪನ ಕೂಡ ಚಕ್ಕಡಿಯೊಳಗ ಉಳವಿಗೆ ಹೋಗಿದ್ದೆ. ಕಾಲು ಪೂರ್ತಿ ನಿಲ್ಲೂದರೊಳಗ ಇನ್ನೊಮ್ಮೆ ಉಳವಿ ಮಾಡಿಸಿಬಿಡ್ರಪಾ” ಎಂದರು. ಆ ಮಾತು ಎಲ್ಲರ ಮನಸ್ಸಿನಲ್ಲಿ ನಿಂತಿತು. ನಮ್ಮ ತಮ್ಮನ ಮಗ ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿದ್ದಾನೆ. ಕಬ್ಬಿನ ಬಿಲ್ಲಿನ ಹಣ, ಅವನ ಉಳಿತಾಯ, ನಮ್ಮ ನಿವೃತ್ತಿಯ ಹಣದಲ್ಲೊಂದು ಪಾಲು, ಎಲ್ಲ ಕೂಡಿ 6,50,000 ರೂಪಾಯಿಗಳಾದವು. ಮತ್ತೊಮ್ಮೆ ಕೂಡಿಸುವ ಶಕ್ತಿ ಮನೆಗಿರಲಿಲ್ಲ. ಈ ಹಣ ತಪ್ಪು ಗಾಡಿಗೆ ಹೋದರೆ ಅಕ್ಕನವರ ಪ್ರಯಾಣವೂ ತಪ್ಪುವುದು ನಿಶ್ಚಿತವಾಗಿತ್ತು.

ಬಾಡಿಗೆಯ ಎರಡು ಬಗೆ

ಬಾಡಿಗೆ ವಾಹನವೆಂದರೆ ಎಲ್ಲವೂ ಒಂದೇ ಬಗೆಯವಲ್ಲ. ಚಾಲಕನೊಡನೆ ಬಾಡಿಗೆಗೆ ಹೋಗುವ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ಪಡೆದವರೇ ನಡೆಸಿಕೊಂಡು ಹೋಗುವ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಈ ಎರಡನೆಯ ವ್ಯವಹಾರವನ್ನು 1989ರ ರೆಂಟ್-ಎ-ಕ್ಯಾಬ್ ಯೋಜನೆಯು ನಿಯಂತ್ರಿಸುತ್ತದೆ. ಸ್ವಂತ ಬಳಕೆಯ ವಾಹನಕ್ಕೆ ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವೆಂಬುದು ಎಲ್ಲರಿಗೂ ತಿಳಿದುದೇ. ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದಷ್ಟು ಜನರನ್ನು ಬಾಡಿಗೆಗೆ ಒಯ್ಯುವ ವಾಹನವನ್ನು ಕಾನೂನು ‘ಮ್ಯಾಕ್ಸಿಕ್ಯಾಬ್’ ಎನ್ನುತ್ತದೆ. ನಾವು ಹುಡುಕುತ್ತಿದ್ದುದು ಇಂತಹುದನ್ನೇ.

ಈ ಭೇದವನ್ನು ಅರಿಯುವುದರಿಂದ ಪ್ರಯೋಜನವುಂಟು. ಪಡೆದವರೇ ನಡೆಸುವ ವಾಹನವು ಹತ್ತಾರು ಕೈಗಳ ಪಾಲಾಗಿರುತ್ತದೆ. ಕ್ಲಚ್ಚನ್ನು ಒತ್ತಿಹಿಡಿದೇ ಘಟ್ಟ ಹತ್ತಿಸುವವನು, ತಗ್ಗು ದಿಣ್ಣೆಗಳನ್ನು ಲೆಕ್ಕಿಸದೆ ಓಡಿಸುವವನು, ಎಲ್ಲರೂ ಅದರಲ್ಲಿ ಕುಳಿತಿರುತ್ತಾರೆ. ತನ್ನದಲ್ಲದ ವಸ್ತುವಿನ ಮೇಲೆ ಮಮತೆ ಕಡಿಮೆಯೆಂಬುದು ಲೋಕಸ್ವಭಾವ. ಚಾಲಕನಿರುವ ವಾಹನದ ಮೇಲೆ ಒಂದೆರಡೇ ಕೈಗಳಾಡಿದರೂ ಅದರ ಓಟ ಬಲು ದೊಡ್ಡದು. ದಿನಕ್ಕೆ 200 ಕಿಲೋಮೀಟರಿನಂತೆ ತಿಂಗಳಿಗೆ 20 ದಿನ ಓಡಿದರೂ ವರ್ಷಕ್ಕೆ 48,000 ಕಿಲೋಮೀಟರ್ ಆಗುವುದು. ಐದು ವರ್ಷಕ್ಕೆ 2,40,000. ಈ ಸರಳ ಗುಣಾಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾರುಕಟ್ಟೆಗೆ ಕಾಲಿಡಬೇಕು.

ಇಷ್ಟಾದರೂ ಬಾಡಿಗೆ ವಾಹನದಲ್ಲಿ ಒಂದು ಗುಣವುಂಟು. ಗಾಡಿ ನಿಂತರೆ ಆದಾಯವೂ ನಿಲ್ಲುವುದರಿಂದ ಜಾಣ ಮಾಲೀಕನು ಆಯಿಲ್ಲನ್ನೂ ಬ್ರೇಕನ್ನೂ ಹೊತ್ತಿಗೆ ಸರಿಯಾಗಿ ನೋಡಿಸಿರುತ್ತಾನೆ. ಅಷ್ಟೇ ಅಲ್ಲದೆ ಬಾಡಿಗೆ ವಾಹನವು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪರೀಕ್ಷೆಗೆ, ಎಂದರೆ ಜನರು ‘ಎಫ್.ಸಿ.’ ಎನ್ನುವ ಪರೀಕ್ಷೆಗೆ, ಒಳಪಡಲೇಬೇಕು. ಆದುದರಿಂದ ಅದರ ಜೀವನಚರಿತ್ರೆಯು ಎಲ್ಲಿಯಾದರೂ ಬರಹದಲ್ಲಿ ಉಳಿದಿರುತ್ತದೆ. ಕೊಳ್ಳುವವನು ಮೊದಲು ಹುಡುಕಬೇಕಾದುದು ಆ ಬರಹವನ್ನು, ಗಾಡಿಯ ಹೊಳಪನ್ನಲ್ಲ.

ಹೊಳಪು ಮತ್ತು ದಾಖಲೆ

ನಾವು ನೋಡಿದ ಮೊದಲನೆಯ ಗಾಡಿ ಹೊಳಪಿನಿಂದಲೇ ಕಣ್ಣು ಸೆಳೆಯಿತು. ಹೊಸ ಬಣ್ಣ, ಹೊಸ ಸೀಟಿನ ಹೊದಿಕೆ, ಒಳಗೆಲ್ಲ ಸುಗಂಧ. ಬೆಲೆ 5,80,000 ರೂಪಾಯಿ. ದಲ್ಲಾಳಿಯು ಬೇರೆ ಗಿರಾಕಿಗಳು ಸಂಜೆಯೇ ಬರುವರೆಂದು ಅವಸರಪಡಿಸಿದನು. ಹುಡುಗನು ಮುಂಗಡದ ಹಣವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದನು. “ದೊಡ್ಡಪ್ಪಾರ, ಮೀಟರಿನ್ಯಾಗ ಬರೇ ಒಂದು ಲಕ್ಷ ಹದಿನೆಂಟು ಸಾವಿರ ಐತ್ರಿ. ಇಂಥಾ ಗಾಡಿ ಮತ್ತ ಸಿಗಂಗಿಲ್ರಿ” ಎಂದು ಅವನ ಒತ್ತಾಯ.

ನಮ್ಮೊಡನೆ ಹಳೆಯ ಪರಿಚಯದ ಹಿರಿಯ ಮೆಕ್ಯಾನಿಕರೊಬ್ಬರನ್ನು ಕರೆದೊಯ್ದಿದ್ದೆವು. ನಲವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಜೀವ. ಅವರು ಬಣ್ಣವನ್ನು ನೋಡಲೇ ಇಲ್ಲ. ಚಾಲಕನ ಬಾಗಿಲು ತೆರೆದು ಬ್ರೇಕು, ಕ್ಲಚ್ಚುಗಳ ಪೆಡಲಿನ ರಬ್ಬರನ್ನು ಬೆರಳಿನಿಂದ ಸವರಿದರು. ಗೆರೆಗಳೆಲ್ಲ ಸವೆದು ಕಬ್ಬಿಣ ಕಾಣುತ್ತಿತ್ತು. ಬಾಗಿಲಿನ ತಿರುಗಣಿ ಸಡಿಲಾಗಿ ಬಾಗಿಲು ಕೆಳಕ್ಕೆ ಜೋತಿತ್ತು. “ಗುರುಗಳ, ಮೀಟರ್ ಸುಳ್ಳು ಹೇಳಬಹುದ್ರಿ, ಪೆಡಲ್ ಹೇಳಂಗಿಲ್ಲ” ಎಂದರು. ಆಮೇಲೆ ಸೀಟಿನ ಕೆಳಗಿನ ಹತ್ಯಾರಿನ ಡಬ್ಬಿಯನ್ನು ಬಿಚ್ಚಿ ನೋಡಿದಾಗ ಆಯಿಲ್ ಬದಲಿಸಿದ ಹಳೆಯ ಚೀಟಿಯೊಂದು ಸಿಕ್ಕಿತು. ಎರಡು ವರ್ಷ ಹಿಂದಿನ ದಿನಾಂಕ. ಆಗಿನ ಓಟ 2,74,000 ಕಿಲೋಮೀಟರ್! ಚೀಟಿಯನ್ನು ತೋರಿಸಿದಾಗ ಮಾರುವವರು ಅದು ಬೇರೆ ಗಾಡಿಯದೆಂದರು. ಅದರ ಮೇಲೆ ಇದೇ ಗಾಡಿಯ ಸಂಖ್ಯೆ ಇತ್ತು. ನಾವು ಕೈಮುಗಿದು ಹೊರಬಂದೆವು. ಹುಡುಗನು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಓಟದ ಸತ್ಯವನ್ನು ಅರಿಯಲು ಇನ್ನೂ ಕೆಲವು ಸಾಕ್ಷಿಗಳುಂಟು. ಸರ್ವಿಸ್ ಬಿಲ್ಲುಗಳು, ಹಳೆಯ ಎಫ್.ಸಿ. ಕಾಗದಗಳು, ವಿಮೆಯ ಪರಿಹಾರ ಪಡೆದ ದಾಖಲೆಗಳು, ಇವುಗಳಲ್ಲಿ ಒಂದಲ್ಲ ಒಂದರಲ್ಲಿ ದಿನಾಂಕದೊಡನೆ ಓಟದ ಸಂಖ್ಯೆ ಸಿಗುವ ಸಂಭವವುಂಟು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಲು ಕಲಿತಿರಬೇಕು. 3419 ಎಂದಿದ್ದರೆ ಆ ಟೈರು 2019ನೆಯ ಇಸವಿಯ 34ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳು ಎಷ್ಟೇ ಆಳವಾಗಿದ್ದರೂ ಹಳೆಯ ರಬ್ಬರು ಬಿರಿಯುತ್ತದೆ.

ಎಂಜಿನ್ನಿನ ಪರೀಕ್ಷೆಗೆ ಬೆಳಗಿನ ಹೊತ್ತು ಶ್ರೇಷ್ಠ. ನಾವು ಬರುವ ಮೊದಲೇ ಎಂಜಿನ್ನನ್ನು ಬೆಚ್ಚಗೆ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿದ್ದೇ ಇರುತ್ತದೆ. ಆದುದರಿಂದ ಮೊದಲು ಬಾನೆಟ್ಟನ್ನು ಮುಟ್ಟಿ ನೋಡಬೇಕು. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೂ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಸೇರುತ್ತಿರಬಹುದೆಂದೂ, ದಟ್ಟವಾದ ಕಪ್ಪು ಹೊಗೆಯಾದರೆ ಇಂಧನವು ಸರಿಯಾಗಿ ಉರಿಯುತ್ತಿಲ್ಲವೆಂದೂ ತಿಳಿಯಬೇಕು. ಆಯಿಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂತಹ ಪದಾರ್ಥ ಕಂಡರೆ ಆಯಿಲ್ಲಿಗೆ ನೀರು ಬೆರೆತಿರುವ ಲಕ್ಷಣ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದಿತು. ಆ ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಜಾಲರಿಯಿರುತ್ತದೆ. ಊರೊಳಗೆ ಸಣ್ಣ ಸಣ್ಣ ಓಟಗಳನ್ನೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ, ರಿಪೇರಿಯೂ ದುಬಾರಿ. ವರ್ಷದಲ್ಲಿ ನಾಲ್ಕು ಸಲ ಮಾತ್ರ ದೂರ ಹೋಗಿ ಉಳಿದ ದಿನ ಅಂಗಳದಲ್ಲಿ ನಿಲ್ಲುವ ಗಾಡಿಗೆ ಇದು ವಿಚಾರಮಾಡಬೇಕಾದ ಸಂಗತಿ.

ಇನ್ನೊಂದು ಪರೀಕ್ಷೆಯನ್ನು ನಾವು ಮಾಡದೆ ಬಿಟ್ಟೆವು. ಅದರ ಫಲವನ್ನೂ ಉಂಡೆವು. ಪ್ರವಾಸಿ ವಾಹನದ ಛಾವಣಿಯ ಮೇಲೆ ಸಾಮಾನು ಕಟ್ಟುವ ಜಾಲರಿ, ಏ.ಸಿ. ಪೆಟ್ಟಿಗೆ ಮುಂತಾದವನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಆ ತೂತುಗಳ ಸುತ್ತಲಿನ ಅಂಟು ಒಣಗಿ ಬಿರಿದಿದ್ದರೆ ಮಳೆಯ ನೀರು ಒಳಗಿಳಿಯುತ್ತದೆ. ಕುಳಿತು ಹೋಗುವವನಿಗೆ ನಾಲ್ಕು ಹನಿ ದೊಡ್ಡದಲ್ಲ. ಮಲಗುವವನಿಗೆ ಹಾಸಿಗೆಯೇ ತೊಯ್ಯುತ್ತದೆ. 2025ರ ಆಷಾಢದ ಮಳೆಯಲ್ಲಿ ನಮ್ಮ ಹೊಸ ಗಾದಿಗಳೆರಡು ನೆನೆದು ಹಾಳಾದವು. ಕೊಳ್ಳುವ ಮೊದಲು ಛಾವಣಿಯ ಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟು ಒಳಗೆ ಕೈಯಾಡಿಸಿ ನೋಡಿದ್ದರೆ ಸಾಕಾಗಿತ್ತು. ನೆಲದ ಹಾಸನ್ನು ಎತ್ತಿ ಕೆಳಗಿನ ತುಕ್ಕನ್ನೂ ನೋಡಬೇಕು.

ಎರಡನೆಯ ಗಾಡಿ ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಸಿಕ್ಕಿತು. 2017ರಲ್ಲಿ ನೋಂದಣಿಯಾದುದು. ಬಣ್ಣ ಮಾಸಿತ್ತು, ಮೀಟರು 2,86,000 ಕಿಲೋಮೀಟರ್ ತೋರಿಸುತ್ತಿತ್ತು. ಮಾಲೀಕರು ಒಳಗಿನಿಂದ ಕೆಂಪು ರಟ್ಟಿನ ಖಾತೆ ಪುಸ್ತಕವನ್ನು ತಂದು ಮುಂದಿಟ್ಟರು. ಪ್ರತಿ ಆಯಿಲ್ ಬದಲಾವಣೆ, 1,90,000ದಲ್ಲಿ ಹಾಕಿಸಿದ ಹೊಸ ಕ್ಲಚ್ಚು, ಒಮ್ಮೆ ಹಿಂಬದಿಗೆ ಗುದ್ದಿಸಿಕೊಂಡುದು, ಅದಕ್ಕೆ ಮಾಡಿಸಿದ ಟಿಂಕರಿಂಗ್ ಕೆಲಸದ ಖರ್ಚು, ಎಲ್ಲವೂ ಅದರಲ್ಲಿತ್ತು. ಮೆಕ್ಯಾನಿಕರು ಗಾಡಿಯನ್ನು ನೋಡಿ ಬಂದು, ಪುಸ್ತಕದಲ್ಲಿದ್ದುದೇ ಗಾಡಿಯಲ್ಲಿಯೂ ಇದೆಯೆಂದರು. 4,60,000 ರೂಪಾಯಿಗೆ ವ್ಯವಹಾರ ಕುದುರಿತು. ದೋಷಗಳಿಲ್ಲದ ಹಳೆಯ ಗಾಡಿ ಎಲ್ಲಿಯೂ ಇಲ್ಲ. ದೋಷಗಳನ್ನು ಮುಚ್ಚದೆ ಹೇಳುವ ಮಾಲೀಕನು ಸಿಕ್ಕರೆ ಅದೇ ಲಾಭ.

ಕಾಗದಪತ್ರಗಳ ವಿಚಾರ

ನಮ್ಮಲ್ಲಿ ಎಷ್ಟೋ ಜನರು ಹಣ ಕೊಟ್ಟು ಕೀಲಿಕೈ ಪಡೆದರೆ ಗಾಡಿ ತಮ್ಮದಾಯಿತೆಂದು ತಿಳಿದಿದ್ದಾರೆ. ಮಾರುವವರು ಖಾಲಿ ನಮೂನೆಗಳಿಗೆ ಸಹಿ ಹಾಕಿಕೊಟ್ಟು ಕೈತೊಳೆದುಕೊಳ್ಳುವುದೂ ಉಂಟು. ಇದು ಇಬ್ಬರಿಗೂ ಕೇಡು. ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕನೆಂದೂ, ಅಪಘಾತದ ಪರಿಹಾರದ ಹೊಣೆ ಅವನದೇ ಎಂದೂ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಮಾರಿದ ಗಾಡಿಯನ್ನು ಮೂರನೆಯವನು ಎಲ್ಲಿಯೋ ಗುದ್ದಿಸಿದರೆ ನೋಟೀಸು ಬರುವುದು ಹೆಸರು ಬದಲಾಯಿಸದ ಹಳೆಯ ಮಾಲೀಕನ ಮನೆಗೆ. ಗಾಡಿ ಮಾರುವ ಗೃಹಸ್ಥರೂ ಇದನ್ನು ನೆನಪಿನಲ್ಲಿಡಬೇಕು.

1988ರ ಮೋಟಾರು ವಾಹನ ಕಾಯ್ದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೂ, ಕೊಂಡವನು 30 ದಿನಗಳೊಳಗೂ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಮಾರುವವನದು 29ನೆಯ ನಮೂನೆ, ವರ್ಗಾವಣೆಗೆ 30ನೆಯ ನಮೂನೆ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದುದಕ್ಕೆ 35ನೆಯ ನಮೂನೆ. ಹೊರರಾಜ್ಯದ ಗಾಡಿಯಾದರೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಪುಸ್ತಕದ ಸಂಖ್ಯೆಯೊಡನೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ದಂಡದ ಇ-ಚಲನ್‌ಗಳು, ತೆರಿಗೆಯ ಬಾಕಿ, ಪರ್ಮಿಟ್ಟಿನ ಸ್ಥಿತಿ, ಇವನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡ 14 ದಿನಗಳೊಳಗೆ ಅರ್ಜಿ ಕೊಡಬೇಕು.

ಇವೆಲ್ಲವುಗಳ ಮೇಲೆ ಬಾಡಿಗೆ ಗಾಡಿಗೆ ಇನ್ನೊಂದು ಹೆಜ್ಜೆಯುಂಟು. ಹಳದಿ ಫಲಕವು ಬಿಳಿಯಾಗಬೇಕಾದರೆ ಪರ್ಮಿಟ್ಟನ್ನು ಒಪ್ಪಿಸಿ, ಬಾಕಿ ತೀರಿಸಿ, ಗಾಡಿಯನ್ನು ಅಧಿಕಾರಿಗೆ ತೋರಿಸಿ, ಖಾಸಗಿ ವಾಹನದ ತೆರಿಗೆಯನ್ನು ಕಟ್ಟಬೇಕು. ಈ ತೆರಿಗೆಯ ಮೊತ್ತವನ್ನು ಮೊದಲೇ ಕಚೇರಿಯಲ್ಲಿ ಲೆಕ್ಕ ಹಾಕಿಸಿ ಬರೆದುಕೊಂಡು ಬರುವುದು ಅತ್ಯಗತ್ಯ. ಅಗ್ಗವೆಂದು ಕೊಂಡ ಗಾಡಿಯು ಈ ಹಂತದಲ್ಲಿಯೇ ದುಬಾರಿಯಾಗುವುದುಂಟು. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ. ಅನಂತರ ಪರೀಕ್ಷೆಗೊಳಪಡಿಸಿ ಐದೈದು ವರ್ಷ ಮುಂದುವರಿಸಬಹುದು. ನಮ್ಮ ಗಾಡಿ 2017ರದಾದುದರಿಂದ ಮೊದಲ ಆಯುಷ್ಯ 2032ಕ್ಕೆ ಮುಗಿಯುವುದೆಂದು ಲೆಕ್ಕ ಹಾಕಿಯೇ ಬೆಲೆಯನ್ನು ಒಪ್ಪಿಕೊಂಡೆವು.

ಗಾಡಿಯನ್ನು ಮನೆಯಾಗಿಸುವಾಗ

ಹುಡುಗನ ಮನಸ್ಸಿನಲ್ಲಿ ದೊಡ್ಡ ಚಿತ್ರವಿತ್ತು. ಛಾವಣಿ ಕೊರೆದು ಎತ್ತರಿಸುವುದು, ಆಸನಗಳನ್ನೆಲ್ಲ ಕಿತ್ತು ಮಂಚ ಕೂರಿಸುವುದು, ಒಳಗೇ ಗ್ಯಾಸ್ ಒಲೆ. ಆದರೆ ಕಾಯ್ದೆಯ 52ನೆಯ ಕಲಮು ಇದಕ್ಕೆ ಅಡ್ಡ ನಿಲ್ಲುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಕ್ಯಾರವಾನ್ ಎಂದೇ ಅಂಗೀಕಾರ ಪಡೆಯುವ ವಾಹನಗಳಿಗೆ ಎ.ಐ.ಎಸ್.-124 ಎಂಬ ಪ್ರತ್ಯೇಕ ಮಾನದಂಡವಿದೆ. ಅವುಗಳನ್ನು ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಗಳಲ್ಲಿ ಪರೀಕ್ಷಿಸುತ್ತಾರೆ. ಊರ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ ಅದಲ್ಲ. ಅನುಮತಿಯಿಲ್ಲದೆ ಛಾವಣಿ ಕೊರೆದರೆ ಗಾಡಿಯ ಬಲ ಕುಂದುವುದಲ್ಲದೆ ವಿಮಾ ಕಂಪನಿಯೂ ಆಕ್ಷೇಪವೆತ್ತೀತು.

ಆದುದರಿಂದ ನಾವು ಸಣ್ಣ ಮಾರ್ಗವನ್ನು ಹಿಡಿದೆವು. ಹಿಂದಿನ ಕೆಲವು ಆಸನಗಳನ್ನು ಕಡಿಮೆ ಮಾಡಲು ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಅನುಮತಿ ಬಂದು ಪುಸ್ತಕದಲ್ಲಿ ದಾಖಲಾದ ಮೇಲೆಯೇ ಬಡಗಿಯನ್ನು ಕರೆಸಿದೆವು. ಛಾವಣಿಗೂ ಚಾಸಿಗೂ ಕೈ ಹಚ್ಚಲಿಲ್ಲ. ಅಗಲವಾದ ಹಲಗೆಯ ಮಂಚ, ಅದರ ಕೆಳಗೆ ಪಾತ್ರೆ, ಅರಿವೆಗಳ ಪೆಟ್ಟಿಗೆ, ಬಾಗಿಲಿನ ಬಳಿ ಅಕ್ಕನವರಿಗಾಗಿ ಇಳಿಸಿ ಇಡುವ ಅಗಲವಾದ ಮೆಟ್ಟಿಲು ಮತ್ತು ಹಿಡಿಕೆ, ಇಷ್ಟೇ. ಗಾಡಿ ಓಡುವಾಗ ಎಲ್ಲರೂ ಆಸನದಲ್ಲಿ ಬೆಲ್ಟು ಬಿಗಿದು ಕುಳಿತಿರಬೇಕು, ಮಂಚವು ನಿಂತ ಗಾಡಿಗೆ ಮಾತ್ರ ಎಂಬುದು ಮನೆಯ ಕಟ್ಟಳೆ.

ಭಾರದ ಲೆಕ್ಕವನ್ನು ಮರೆಯಬಾರದು. ಒಂದು ಲೀಟರ್ ನೀರು ಒಂದು ಕಿಲೋ. ನೂರು ಲೀಟರಿನ ತೊಟ್ಟಿಯೆಂದರೆ ಒಂದು ಕ್ವಿಂಟಲ್. ಖಾಲಿ ಗಾಡಿಯ ತೂಕವೂ, ಹೊರಬಹುದಾದ ಒಟ್ಟು ತೂಕವೂ ನೋಂದಣಿ ಪುಸ್ತಕದಲ್ಲಿರುತ್ತವೆ. ನಾವು ಸಾಮಾನು, ನೀರು, ಜನರೊಡನೆ ಗಾಡಿಯನ್ನು ಕಬ್ಬು ತೂಗುವ ಕಾಟಾದ ಮೇಲೆ ನಿಲ್ಲಿಸಿ ನೋಡಿಕೊಂಡೆವು.

ವಿದ್ಯುತ್ತಿಗೆ ಎರಡನೆಯ ಬ್ಯಾಟರಿಯನ್ನು ಪ್ರತ್ಯೇಕವಾಗಿ ಹಾಕಿಸಬೇಕು. ಇಲ್ಲವಾದರೆ ರಾತ್ರಿಯೆಲ್ಲ ಫ್ಯಾನು ತಿರುಗಿ ಬೆಳಿಗ್ಗೆ ಗಾಡಿಯೇ ಚಾಲೂ ಆಗದು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವಾಟ್-ಅವರ್ ಶಕ್ತಿಯಿರುತ್ತದೆ. ಸೀಸದ ಬ್ಯಾಟರಿಯಾದರೆ ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನೇ ಬಳಸುವುದು ಲೇಸು. 15 ವಾಟಿನ ಫ್ಯಾನೊಂದು ಎಂಟು ಗಂಟೆ ತಿರುಗಿದರೆ 120 ವಾಟ್-ಅವರ್ ಖರ್ಚು. ಎರಡು ಫ್ಯಾನು, ಎರಡು ದೀಪ, ಮೊಬೈಲುಗಳಿಗೆ ಇದು ಧಾರಾಳ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಇರಲಿ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಅಡುಗೆಯ ಅನಿಲವು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗದೆ ಗಾಡಿಯ ನೆಲದಲ್ಲಿ ತುಂಬಿ ನಿಲ್ಲುತ್ತದೆ. ಆದುದರಿಂದ ಒಲೆ, ಸಿಲಿಂಡರುಗಳೆರಡನ್ನೂ ಹೊರಗಿಳಿಸಿಯೇ ಅಡುಗೆ ಮಾಡತಕ್ಕದ್ದು. ಚಳಿಯೆಂದು ಮುಚ್ಚಿದ ಗಾಡಿಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು, ಸೆಕೆಯೆಂದು ಎಂಜಿನ್ ಚಾಲೂ ಇಟ್ಟು ಏ.ಸಿ. ಹಾಕಿಕೊಂಡು ನಿದ್ರಿಸುವುದು, ಇವೆರಡೂ ಮೃತ್ಯುವನ್ನು ಕರೆದಂತೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸಿದವರು ಏಳುವುದೇ ಇಲ್ಲ.

ಬಿಳಿ ಫಲಕದ ಮರ್ಯಾದೆ

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇವೆ. 6,50,000ದಲ್ಲಿ ಗಾಡಿಗೆ 4,60,000 ಹೋಗಿ 1,90,000 ಉಳಿದಿತ್ತು. ಟೈರು, ಬ್ರೇಕು, ತೆರಿಗೆ, ವಿಮೆ, ಬಡಗಿಯ ಕೆಲಸ, ಛಾವಣಿಯ ಸೋರಿಕೆ ಕಟ್ಟಿಸಿದುದು, ತೊಯ್ದ ಗಾದಿಗಳಿಗೆ ಬದಲು ತಂದುದು, ಎಲ್ಲ ಮುಗಿದಾಗ ಉಳಿದುದು 14,000 ರೂಪಾಯಿ. ಮೊದಲ ಗಾಡಿಯನ್ನು ಕೊಂಡಿದ್ದರೆ ಟೈರು, ತೆರಿಗೆಗಳಲ್ಲಿಯೇ ಹಣ ಮುಗಿದು ಗಾಡಿ ಅಂಗಳದಲ್ಲಿ ನಿಂತಿರುತ್ತಿತ್ತು. ಇದ್ದ ಹಣದಲ್ಲಿ ಕಾಲುಭಾಗವನ್ನಾದರೂ ಕೊಂಡ ಮೇಲಿನ ಖರ್ಚಿಗೆ ತೆಗೆದಿಡಬೇಕೆಂಬುದು ನಮ್ಮ ಅನುಭವದ ಮಾತು.

ಗಾಡಿ ಸಿದ್ಧವಾದ ಸುದ್ದಿ ಹಬ್ಬಿದೊಡನೆ ಬಂಧುಗಳೊಬ್ಬರು ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಕೇಳಿದರು. ಒಳ್ಳೆಯ ಹಣ. ಮನೆಯಲ್ಲಿ ಕೆಲವರಿಗೆ ಆಸೆಯೂ ಆಯಿತು. ಪರ್ಮಿಟ್ಟಿಲ್ಲದೆ ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಅಪರಾಧ. ಆ ಸಮಯದಲ್ಲಿ ಅಪಘಾತವಾದರೆ ವಿಮೆಯ ಆಸರೆಯೂ ತಪ್ಪೀತು. ಮೀಟರು ತಿರುಗಿಸಿದವನನ್ನು ಸುಳ್ಳುಗಾರನೆಂದು ಬಿಟ್ಟು ಬಂದ ನಾವು ಫಲಕದ ಬಣ್ಣದಲ್ಲಿ ಸುಳ್ಳು ಹೇಳಬಾರದೆಂದು ಹುಡುಗನೇ ಅವರಿಗೆ ವಿನಯದಿಂದ ತಿಳಿಸಿದನು. ಅಂದು ನಮಗಾದ ಸಂತೋಷ ಸಣ್ಣದಲ್ಲ.

2025ರ ಕಾರ್ತಿಕ ಮಾಸದಲ್ಲಿ ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಉಳವಿಗೆ ಹೊರಟೆವು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆಯಾದುದರಿಂದ ಕಾಡಿನಲ್ಲಿ ಎಲ್ಲಿಯೂ ತಂಗದೆ, ಒಲೆ ಹೂಡದೆ, ಹೊತ್ತಿರುವಾಗಲೇ ಕ್ಷೇತ್ರವನ್ನು ಸೇರಿ ಅಪ್ಪಣೆ ಪಡೆದು ಗಾಡಿ ನಿಲ್ಲಿಸಿದೆವು. ಅಕ್ಕನವರು ಹಿಡಿಕೆ ಹಿಡಿದು, ಯಾರ ತೋಳಿನ ಆಸರೆಯೂ ಇಲ್ಲದೆ, ತಾವೇ ಇಳಿದರು. ಚನ್ನಬಸವಣ್ಣನವರ ಸನ್ನಿಧಿಯ ದರ್ಶನ ಮುಗಿಸಿ ಬಂದು, ಬುತ್ತಿಯ ರೊಟ್ಟಿ ಉಂಡು, ಮಂಚದ ಮೇಲೆ ಕಾಲು ಚಾಚಿದರು. “ಅಪ್ಪನ ಚಕ್ಕಡಿಯೊಳಗ ಮೈ ಬಾಳ ಕುಲುಕ್ತಿತ್ತು. ಇದು ಬೇಸಿ ಐತಿ” ಎಂದಷ್ಟೇ ಹೇಳಿ ನಿದ್ದೆ ಹೋದರು.

ಹಾವೇರಿಯ ಮಾಲೀಕರು ಗಾಡಿಯೊಡನೆ ಕೊಟ್ಟ ಆ ಕೆಂಪು ರಟ್ಟಿನ ಖಾತೆ ಪುಸ್ತಕ ಈಗ ಹುಡುಗನ ಬಳಿಯಲ್ಲಿದೆ. ಉಳವಿಯಿಂದ ಮರಳಿದ ದಿನವೇ ಅವನು ಅದರಲ್ಲಿ ಓಟದ ಅಂಕಿಯನ್ನೂ, ಡೀಸೆಲ್ಲಿನ ಖರ್ಚನ್ನೂ ಬರೆದಿಟ್ಟನು. ಆಷಾಢದಲ್ಲಿ ಛಾವಣಿ ಸೋರಿದುದನ್ನೂ ಬಿಡದೆ ಬರೆದಿದ್ದಾನೆ. ಮುಂದೆ ಎಂದಾದರೂ ಈ ಗಾಡಿಯನ್ನು ಕೊಳ್ಳಲು ಬರುವ ಗೃಹಸ್ಥರು ಅದನ್ನು ಓದಿಕೊಂಡು ನಿಶ್ಚಿಂತೆಯಿಂದ ಕೊಳ್ಳಲಿ ಎಂಬುದು ನಮ್ಮೆಲ್ಲರ ಆಶಯ.